ಹಸಿರು ಬೆಲ್ಟಿನ ತುದಿ

ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಪಾಪಣ್ಣನಿಗೆ ಸಂಜೆಯಾದರೆ ಹೆದರಿಕೆ ಶುರುವಾಗುತ್ತಿತ್ತು. ಮೊಮ್ಮಗಳು ಶಾಲಿನಿ ಶಾಲೆಯಿಂದ ಬಂದು, ಒಂದು ಲೋಟ ಹಾಲು ಕುಡಿದು, ಕರಾಟೆಯ ಬಿಳಿ ಬಟ್ಟೆ ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು, “ತಾತ, ಹೋಗಾಣ” ಎನ್ನುವ ಹೊತ್ತು ಅದು. ಅವನು ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ, ಬಾಗಿಲು ಎಳೆದುಕೊಂಡು ಅವಳ ಹಿಂದೆ ಹೊರಡುತ್ತಿದ್ದ. ದಾರಿಯುದ್ದಕ್ಕೂ ತುಟಿಯೊಳಗೆ ಶಿವನಾಮ ನಡೆಯುತ್ತಿತ್ತು.

ಕ್ಲಾಸು ನಡೆಯುತ್ತಿದ್ದದ್ದು ಒಂದು ಸಮುದಾಯ ಭವನದಲ್ಲಿ. ಕಲಿಸುವವರು ರಾಜಕುಮಾರ್ ಮಾಸ್ಟ್ರು. ಬಂದವರೆಲ್ಲ ಮೊದಲು ಸಾಲಾಗಿ ನಿಂತು ಕೈ ಚಾಚಬೇಕು. ಉಗುರು ಬೆಳೆದಿದ್ದರೆ ಅಲ್ಲೇ ಕತ್ತರಿಸಿಕೊಳ್ಳಬೇಕು. ಓಲೆ, ಬಳೆ, ಉಂಗುರ, ಕಾಲ್ಗೆಜ್ಜೆ, ಕೊರಳಿನ ತಾಯಿತ ಎಲ್ಲವೂ ಒಂದು ಸ್ಟೀಲ್ ಡಬ್ಬಿಗೆ ಹೋಗಬೇಕು. “ಮೈಮೇಲೆ ಲೋಹ ಇರಬಾರ್ದು ಕಣ್ರೋ. ನಿಮಗಾಗಿ ಅಲ್ಲ, ಎದುರಿಗೆ ನಿಂತೋರಿಗಾಗಿ” ಎಂದು ಅವರು ದಿನವೂ ಹೇಳುತ್ತಿದ್ದರು. ಮುಷ್ಟಿ ನೋಡಬೇಡ, ಎದುರಾಳಿಯ ಎದೆ ನೋಡು, ಕೈಕಾಲು ಎರಡೂ ಕಾಣುತ್ತವೆ. ಏಟು ಬೀಳುವಾಗ ಉಸಿರು ಹಿಡಿಯಬೇಡ, ಬಿಡು. ಬಿದ್ದರೆ ಗದ್ದವನ್ನು ಎದೆಗೆ ಒತ್ತು, ತಲೆ ನೆಲಕ್ಕೆ ತಾಗಬಾರದು.

ಆ ಕಡೆಯ ಮಾತು ಕೇಳಿದಾಗಲೆಲ್ಲ ಪಾಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದ. ಅವನ ಮಗ ಪ್ರಭು, ಅಂದರೆ ಶಾಲಿನಿಯ ಅಪ್ಪ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಮನೆಗೆ ನಡೆದೇ ಬಂದಿದ್ದ. “ಏನೂ ಆಗಿಲ್ಲ ಬಿಡಪ್ಪ” ಎಂದು ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ಎತ್ತಿದ ತುತ್ತು ಕೈಯಲ್ಲೇ ಉಳಿಯಿತು, ಕೂತಲ್ಲೇ ಒರಗಿದ. ದಾವಣಗೆರೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೇವರಿಗೆ ಒಂದು ಮುಡಿಪು ಕಟ್ಟುವುದಕ್ಕೂ ಹೊತ್ತು ಸಿಗಲಿಲ್ಲ. ಎರಡು ವರ್ಷವಾದರೂ ಪಾಪಣ್ಣನಿಗೆ ಉಳಿದಿದ್ದ ಕೊರಗು ಅದೇ.

ಮಗಳನ್ನು ಕರಾಟೆಗೆ ಹಾಕಿದವಳು ಸೊಸೆ ಚೌಡೇಶ್ವರಿ. ಸಿರಿಗೆರೆಯ ಒಂದು ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಪಾಠ ಹೇಳುವವಳು. “ನಾಳೆ ಅವಳೂ ನನ್ನಂಗೆ ಒಬ್ಬಳೇ ಓಡಾಡಬೇಕು ಮಾವ. ಕೈಕಾಲು ಗಟ್ಟಿ ಇರ್ಲಿ” ಎಂದಿದ್ದಳು. 

ಬರಿಯ ಗಾಳಿಗೆ ಗುದ್ದುವ ವರಸೆಗಳನ್ನು ಕಲಿಯುತ್ತಿದ್ದಷ್ಟು ದಿನ ಅವನು ಹೇಗೋ ತಡೆದುಕೊಂಡ. ಹಸಿರು ಬೆಲ್ಟು ಬಂದ ಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಆಡಿಸತೊಡಗಿದರು. ಶಾಲಿನಿಯ ಮುಖದ ಹತ್ತಿರ ಒಂದು ಕಾಲು ಹಾದರೆ, ಬಾಗಿಲಲ್ಲಿ ನಿಂತ ಪಾಪಣ್ಣ ಕೈಮುಗಿದು ಕಣ್ಣು ಮುಚ್ಚುತ್ತಿದ್ದ. ಹುಡುಗರು ನಗುತ್ತಿದ್ದರು. “ಲೇ ಶಾಲಿನಿ, ನಿಮ್ಮ ತಾತ ಮಂಗಳಾರತಿ ಮಾಡ್ತಾವ್ರೆ ನೋಡೇ!”

ಜಿಲ್ಲೆಯ ಆಯ್ಕೆ ಪಂದ್ಯ ಚಿತ್ರದುರ್ಗದಲ್ಲಿ ಎಂದು ಗೊತ್ತಾದ ದಿನ ಪಾಪಣ್ಣ ಗಟ್ಟಿ ಮನಸ್ಸು ಮಾಡಿದ. ಸತ್ತ ಹೆಂಡತಿಯ ಪೂಜೆಯ ಪೆಟ್ಟಿಗೆಯಲ್ಲಿ ಹಳೆಯ ಕಾಲದ ಒಂದು ಬೆಳ್ಳಿ ರೂಪಾಯಿ ಇತ್ತು, ದಪ್ಪನೆಯದು, ಅಂಗೈಗೆ ಭಾರ ತಿಳಿಯುವಂಥದು. ಅದನ್ನು ತೊಳೆದು, ಅರಿಶಿನ ಬಟ್ಟೆಯಲ್ಲಿ ಸುತ್ತಿ, ಹಾಲುರಾಮೇಶ್ವರನನ್ನು ನೆನೆದು ಮುಡಿಪು ಕಟ್ಟಿದ. ಹುಡುಗಿ ಪೆಟ್ಟಿಲ್ಲದೆ ಮನೆಗೆ ಬಂದರೆ ನಿನಗೆ ತಂದು ಒಪ್ಪಿಸುತ್ತೇನೆ ತಂದೆ ಎಂದ.

ಕಟ್ಟಿದ ಮುಡಿಪು ದೇವರ ಮನೆಯಲ್ಲಿರಬೇಕು. ಎಲ್ಲರೂ ಹಾಗೆಯೇ ಇಡುತ್ತಾರೆ. ಆದರೆ ಹೊಳಲ್ಕೆರೆಯ ದೇವರ ಮನೆಗೂ ಚಿತ್ರದುರ್ಗದ ಪಂದ್ಯಕ್ಕೂ ಎಷ್ಟು ದೂರ! ಅವಳ ಮೈಮೇಲೇ ಇದ್ದರೆ? ಕೊರಳಿಗೆ ಕಟ್ಟಿದರೆ ಡಬ್ಬಿಗೆ ಹೋಗುತ್ತದೆ. ಯೋಚಿಸುತ್ತ ಕೂತ ದರ್ಜಿಯ ಕಣ್ಣು ಬೆಲ್ಟಿನ ಮೇಲೆ ಬಿತ್ತು. ಒಂದು ತುದಿಯ ಹೊಲಿಗೆ ಬಿಚ್ಚಿ, ಮುಡಿಪನ್ನು ಚಪ್ಪಟೆಯಾಗಿ ಪದರದೊಳಗೆ ಸೇರಿಸಿ, ಎರಡೂ ಒಂದೇ ದಪ್ಪ ಕಾಣಲೆಂದು ಇನ್ನೊಂದು ತುದಿಗೂ ಒಳಗೆ ದಪ್ಪ ಬಟ್ಟೆ ಕೊಟ್ಟು, ಮೊದಲಿದ್ದ ಸಾಲುಗಳ ಮೇಲೆಯೇ ಹೊಲಿಗೆ ಹಾಕಿದ. ಪರದೆ ನೆಟ್ಟಗೆ ಇಳಿಯಲೆಂದು ಅಂಚಿನಲ್ಲಿ ತೂಕ ಇಟ್ಟು ಹೊಲಿದ ಕೈ ಅದು. ಯಾರ ಕಣ್ಣಿಗೂ ಗೊತ್ತಾಗುವಂತಿರಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಶಾಲಿನಿ ಬೆಲ್ಟನ್ನು ಹಿಸುಕಿ ನೋಡಿದಳು. “ತಾತ, ತುದಿ ಯಾಕೋ ಬಿರುಸಾಗೈತಲ್ಲ?”

“ಗಂಜಿ ಹಾಕಿ ಇಸ್ತ್ರಿ ಮಾಡ್ದೆ ಕಣವ್ವ.”

“ಅಯ್ಯೋ ತಾತ! ಬೆಲ್ಟಿಗೆ ಯಾರಾದ್ರೂ ಗಂಜಿ ಹಾಕ್ತಾರಾ? ಅದನ್ನ ತೊಳೆಯಾದೇ ಇಲ್ಲ. ಮಾಸ್ಟ್ರಿಗೆ ಗೊತ್ತಾದ್ರೆ ನಿನ್ ಕೈಲೇ ಡಿಪ್ಸ್ ಹೊಡೆಸ್ತಾರೆ ನೋಡು.”

ಅವಳು ನಕ್ಕಳು. ಪಾಪಣ್ಣನೂ ನಕ್ಕ. ಬಹಳ ದಿನದ ಮೇಲೆ ಅವನ ಎದೆ ಹಗುರವಾಗಿತ್ತು.

ಪಂದ್ಯ ಒಂದು ಕಲ್ಯಾಣ ಮಂಟಪದಲ್ಲಿತ್ತು. ನೆಲಕ್ಕೆ ಚೌಕದ ಮ್ಯಾಟು ಹಾಸಿದ್ದರು. ಸುತ್ತ ಕುರ್ಚಿಗಳಲ್ಲಿ ಹೆತ್ತವರು. ಒಬ್ಬ ಹುಡುಗ ಬಂದು ಮಕ್ಕಳ ಕಿವಿ, ಕೈ, ಕೊರಳು ನೋಡಿ ಹೋದ. ಬೆಲ್ಟನ್ನು ಯಾರೂ ನೋಡಲಿಲ್ಲ.

ಪಾಪಣ್ಣನ ಪಕ್ಕದಲ್ಲಿ ಹಿರಿಯೂರಿನಿಂದ ಬಂದ ಚಂದ್ರಕ್ಕ ಎಂಬಾಕೆ ಕೂತಿದ್ದಳು. ಅವಳ ಮಗಳು ಯಮುನಾಗೂ ಶಾಲಿನಿಯದೇ ವಯಸ್ಸು, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಚಂದ್ರಕ್ಕ ಡಬ್ಬಿ ಬಿಚ್ಚಿ, “ತಗಳ್ರಿ ಯಜಮಾನ್ರೆ, ಚಿತ್ರಾನ್ನ. ಹೊಟ್ಟೆ ತುಂಬಿದ್ರೆ ಹೆದ್ರಿಕೆ ಕಮ್ಮಿ ಆಗ್ತೈತೆ. ನನಗಂತೂ ಇವಳು ಮ್ಯಾಟ್ ಹತ್ತಿದ್ರೆ ಪ್ರಾಣ ಬಾಯಿಗೆ ಬರ್ತೈತೆ” ಎಂದಳು. ತನ್ನ ಹಾಗೆಯೇ ಹೆದರುವವರು ಇನ್ನೊಬ್ಬರಿದ್ದಾರೆ ಎಂದು ಪಾಪಣ್ಣನಿಗೆ ಸಮಾಧಾನವಾಯಿತು. ತಟ್ಟೆ ತೆಗೆದುಕೊಂಡ.

ಶಾಲಿನಿಯ ಮೊದಲ ಆಟ ಹೊಸದುರ್ಗದ ಹುಡುಗಿಯ ಮೇಲೆ. ಇಬ್ಬರೂ ಬಾಗಿ ನಮಸ್ಕರಿಸಿದರು. ಸ್ವಲ್ಪ ಹೊತ್ತು ಸುತ್ತು ಹಾಕಿದ ಶಾಲಿನಿ ಇದ್ದಕ್ಕಿದ್ದಂತೆ ಬೆನ್ನು ತಿರುಗಿಸಿ, ಗರಗರನೆ ಸುತ್ತಿ ಕಾಲೆಸೆದಳು. ಎದುರಿನ ಹುಡುಗಿ ಕೆನ್ನೆ ಹಿಡಿದುಕೊಂಡಳು. ರೆಫ್ರಿ ಕೈ ಎತ್ತಿ ಶಾಲಿನಿಗೆ ಪಾಯಿಂಟು ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಪಾಪಣ್ಣನ ಬಾಯಲ್ಲಿದ್ದ ಅನ್ನ ಒಳಗೆ ಇಳಿಯಲಿಲ್ಲ. ಮೊಮ್ಮಗಳ ಹಿಮ್ಮಡಿ ಆ ಹುಡುಗಿಯ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋದದ್ದನ್ನು ಅವನು ಕಂಡಿದ್ದ. ಅದರ ಹಿಂದೆಯೇ ಹಸಿರು ಬೆಲ್ಟಿನ ತುದಿ ಕವಣೆಯ ಹಾಗೆ ಬೀಸಿ ಬಂದಿತ್ತು. ಹುಡುಗಿ ಕೈ ತೆಗೆದಾಗ ಕಣ್ಣಿನ ಕೆಳಗೆ ಸಣ್ಣದೊಂದು ಕೆಂಪು ಗೆರೆ ಕಾಣಿಸಿತು. ಬಾಗಿದ ಗೆರೆ, ಬೆಳ್ಳಿ ರೂಪಾಯಿಯ ಅಂಚಿನಂತೆ.

ಶಾಲಿನಿ ಗೆದ್ದು ನೀರು ಕುಡಿಯಲು ಹೋದಾಗ ಹಿಂದೆಯೇ ಹೋದ.

“ಆ ಬೆಲ್ಟು ಒಂದ್ ಗಳಿಗೆ ಕೊಡವ್ವ.”

“ಈಗ ಬಿಚ್ಚಬಾರ್ದು ತಾತ, ಹೆಸರು ಕೂಗ್ತಾರೆ. ಯಾಕೆ?”

ಹೇಳಬೇಕೆಂದು ಬಾಯಿ ತೆರೆದ. ಬಿಚ್ಚಿ ತೆಗೆದರೆ? ದೇವರಿಗೆಂದು ಕಟ್ಟಿ, ಅವಳ ಮೈಗೆ ಹೊಲಿದು, ನಡುವೆ ಕಿತ್ತರೆ ಮುಂದಿನ ಆಟದಲ್ಲೇ ಅವಳ ತಲೆ ನೆಲಕ್ಕೆ ಬಡಿಯುವುದು ಅವನ ಕಣ್ಣಿಗೆ ಕಟ್ಟಿದಂತಾಯಿತು. ಕೈಯಲ್ಲಿ ತುತ್ತು ಹಿಡಿದು ಕೂತ ಪ್ರಭು ಕಂಡ. “ಏನಿಲ್ಲ, ಗಂಟು ಸಡಿಲಾಗಿತ್ತು” ಎಂದುಬಿಟ್ಟ.

“ನೋಡಿದ್ಯಾ ನನ್ ಕಿಕ್ಕು? ಇಷ್ಟು ದಿನ ತಾಗ್ತಾನೇ ಇರ್ಲಿಲ್ಲ, ಇವತ್ತು ಕೂಡಿ ಬಂತು! ಇನ್ನು ಎಲ್ಲ ಆಟದಾಗೂ ಅದನ್ನೇ ಹಾಕ್ತೀನಿ.”

ಪಾಪಣ್ಣ ಕುರ್ಚಿಗೆ ಬಂದು ಕುಸಿದ. ಈಶ್ವರಾ, ಮುಂದಿನ ಆಟದಲ್ಲಿ ಇವಳು ಸೋತು ಹೊರಗೆ ಬರಲಿ ಎಂದು ಬೇಡಿದ. ಪೆಟ್ಟಿಲ್ಲದೆ ಬರಲಿ ಎಂದು ಬೇಡಿದ ಬಾಯಲ್ಲೇ ಇದನ್ನೂ ಬೇಡಬೇಕಾಯಿತು.

ಶಾಲಿನಿ ಸೋಲಲಿಲ್ಲ. ಮುಂದಿನ ಆಟವನ್ನು ಮುಷ್ಟಿಯ ಏಟಿನಲ್ಲೇ ಗೆದ್ದಳು. ಉಳಿದದ್ದು ಕಡೆಯ ಆಟ. ಮೈಕಿನಲ್ಲಿ ಹೆಸರು ಕೂಗಿದರು: ಹೊಳಲ್ಕೆರೆಯ ಶಾಲಿನಿ, ಹಿರಿಯೂರಿನ ಯಮುನಾ.

“ಅಯ್ಯೋ, ನಮ್ಮಿಬ್ಬರ ಹುಡುಗೀರೇ ಎದುರುಬದುರು!” ಚಂದ್ರಕ್ಕ ನಕ್ಕು, ಮಗಳು ಬಿಚ್ಚಿಕೊಟ್ಟ ಕನ್ನಡಕವನ್ನು ಪಾಪಣ್ಣನ ಕೈಗೆ ಕೊಟ್ಟಳು. “ಹಿಡ್ಕಳ್ರಿ ಯಜಮಾನ್ರೆ, ನಾನು ವಿಡಿಯೋ ತೆಗೀತೀನಿ. ಇದಿಲ್ದಿದ್ರೆ ಇವಳಿಗೆ ಅರ್ಧ ಕಾಣ್ಸಲ್ಲ. ಆದ್ರೂ ಆಡ್ತಾಳೆ ನೋಡ್ರಿ, ಏನ್ ಧೈರ್ಯನೋ!”

ಕನ್ನಡಕ ಇನ್ನೂ ಬೆಚ್ಚಗಿತ್ತು. ಮ್ಯಾಟಿನ ಮೇಲೆ ಯಮುನಾ ಕಣ್ಣು ಕಿರಿದು ಮಾಡಿ, ಮುಖವನ್ನು ತುಸು ಮುಂದೆ ಚಾಚಿ ನಿಂತಿದ್ದಳು. ಕಾಣದವರು ನಿಲ್ಲುವುದೇ ಹಾಗೆ.

ಶಾಲಿನಿ ಸುತ್ತಿದಳು. ಕಾಲು ಗಾಳಿಯಲ್ಲಿ ಹೋಯಿತು, ಬೆಲ್ಟಿನ ತುದಿ ಯಮುನಾಳ ರೆಪ್ಪೆಯ ಮುಂದೆ ಹಾದುಹೋಯಿತು. ಯಮುನಾ ಮಿಟುಕಿಸಲೂ ಇಲ್ಲ. ಅವಳಿಗೆ ಅದು ಕಂಡಿರಲೇ ಇಲ್ಲ. ಶಾಲಿನಿ ಹಿಂದೆ ಸರಿದು, ಎಡಗಾಲನ್ನು ಒಳಕ್ಕೆ ತಿರುಗಿಸಿ ಊರಿದಳು. ಮತ್ತೆ ಸುತ್ತುವ ಮೊದಲು ಅವಳು ಕಾಲು ಹಾಗೆಯೇ ಊರುತ್ತಾಳೆಂದು ದಿನವೂ ಬಾಗಿಲಲ್ಲಿ ನಿಂತು ನೋಡಿದವನಿಗೆ ಗೊತ್ತಿತ್ತು.

“ನಿಲ್ಲಸ್ರೀ!”

ಅದು ತನ್ನದೇ ಕೂಗೆಂದು ತಿಳಿಯುವ ಮೊದಲೇ ಪಾಪಣ್ಣ ಮ್ಯಾಟಿನ ಮೇಲಿದ್ದ. “ಯಾರಪ್ಪ ಅದು?” “ಏಯ್ ಅಜ್ಜ, ಆಚೆ ಬರ್ರಿ!” ಎಂದು ನಾಲ್ಕು ಕಡೆಯಿಂದ ಕೂಗಿದರು. ಅವನು ಯಾರನ್ನೂ ನೋಡಲಿಲ್ಲ. ಮೊಮ್ಮಗಳ ಬೆಲ್ಟಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಯಮುನಾಳ ಕನ್ನಡಕವಿತ್ತು.

“ಇದ್ರಾಗೆ ಬೆಳ್ಳಿ ರೂಪಾಯಿ ಐತೆ ಸಾರ್. ನಾನೇ ಇಟ್ಟು ಹೊಲ್ದಿದೀನಿ. ಹುಡುಗಿಗೆ ಗೊತ್ತಿಲ್ಲ. ಆಗಲೇ ಆ ಹೊಸದುರ್ಗದ ಹುಡುಗಿಗೆ ತಾಗಿದ್ದು ಇದೇ, ಕಾಲಲ್ಲ.”

ರೆಫ್ರಿ ತುದಿಯನ್ನು ಹಿಸುಕಿ ನೋಡಿದ. ಕತ್ತರಿ ತರಿಸಿ ಹೊಲಿಗೆ ಬಿಡಿಸಿದರು. ಅರಿಶಿನದ ಗಂಟು ಮ್ಯಾಟಿನ ಮೇಲೆ ಬಿತ್ತು. ಯಾರೋ “ಮಾಟಾನೇನಪ್ಪ!” ಎಂದು ಪಿಸುಗುಟ್ಟಿದರು. ತೀರ್ಪಿನವರು ಸ್ವಲ್ಪ ಹೊತ್ತು ಮಾತಾಡಿಕೊಂಡು ಶಾಲಿನಿಯನ್ನು ಪಂದ್ಯದಿಂದ ಹೊರಗೆ ಹಾಕಿದರು. ಆಯ್ಕೆ ಯಮುನಾಳದಾಯಿತು. ರಾಜಕುಮಾರ್ ಮಾಸ್ಟ್ರು ಎದುರು ಮಾತಾಡದೆ ತೀರ್ಪಿನವರಿಗೆ ಬಾಗಿ ನಮಸ್ಕರಿಸಿದರು. ಪಾಪಣ್ಣನ ಮುಖ ನೋಡಲಿಲ್ಲ.

ಚಂದ್ರಕ್ಕ ಬಂದು ಕನ್ನಡಕ ಕಿತ್ತುಕೊಂಡಳು. “ನನ್ ಚಿತ್ರಾನ್ನ ತಿಂತಾ ಕೂತಿದ್ರಲ್ಲ ಯಜಮಾನ್ರೆ, ಆಗಲೇ ಗೊತ್ತಿತ್ತಾ ನಿಮಗೆ? ನಮ್ ಹುಡುಗಿ ಕಣ್ಣು ಹೋಗಿದ್ರೆ ಯಾವ ದೇವರು ಬರ್ತಿದ್ದ?” ಎಂದಳು. ಪಾಪಣ್ಣ ಕೈಮುಗಿದ. ಅದನ್ನೂ ಅವಳು ನೋಡದೆ ಮಗಳನ್ನು ಎಳೆದುಕೊಂಡು ಹೋದಳು.

ಹೊರಗೆ ಮೆಟ್ಟಿಲ ಮೇಲೆ ಶಾಲಿನಿ ಮೊಣಕಾಲಿನ ನಡುವೆ ಮುಖವಿಟ್ಟು ಅತ್ತಳು. ಪಾಪಣ್ಣ ಪಕ್ಕದಲ್ಲಿ ಕೂತ. ಮುಟ್ಟಲು ಧೈರ್ಯ ಬರಲಿಲ್ಲ.

“ನಂಗೆ ಹೇಳಾಕೆ ಏನಾಗಿತ್ತು ತಾತ?”

“ಹೆದ್ರಿಕೆ ಆತು ಕಣವ್ವ. ನಿಮ್ಮಪ್ಪನಂಗೆ...”

ಅವಳು ಬೆಲ್ಟಿನ ಹೊಲಿಗೆ ಬಿಚ್ಚಿದ ತುದಿಯಿಂದ ಮೂಗು ಒರೆಸಿಕೊಂಡಳು. “ನಂಗೂ ಆಗ್ತೈತೆ. ದಿನಾ ಆಗ್ತೈತೆ. ನೀನು ಬಾಗಿಲಾಗೆ ಕಣ್ಣು ಮುಚ್ಕಂಡು ನಿಲ್ತೀಯಲ್ಲ, ಅದು ನೋಡಿದ್ರೆ ನಾನು ಇವತ್ತು ಸತ್ತೇ ಹೋಗ್ತೀನೇನೋ ಅನ್ಸ್ತೈತೆ.”

ಮುಂದಿನ ಸೋಮವಾರ ಪಾಪಣ್ಣ ಒಬ್ಬನೇ ಹೊಸದುರ್ಗದ ಬಸ್ಸು ಹತ್ತಿ ಹಾಲುರಾಮೇಶ್ವರಕ್ಕೆ ಹೋಗಿ ಮುಡಿಪು ಒಪ್ಪಿಸಿ ಬಂದ. ನಿನಗೆ ಸೇರಿದ್ದನ್ನು ನಿನ್ನ ಹತ್ತಿರ ಬಿಡದೆ ಹೊತ್ತು ತಿರುಗಿಸಿದೆ, ಕ್ಷಮಿಸು ತಂದೆ ಎಂದಷ್ಟೇ ಹೇಳಿದ.

ಮಾಸ್ಟ್ರು ಕೆಲವು ದಿನ ಶಾಲಿನಿಯನ್ನು ಎದುರುಬದುರು ಆಡಿಸಲಿಲ್ಲ. ಅವಳು ಕಸ ಗುಡಿಸಿದಳು, ಚಿಕ್ಕವರಿಗೆ ಬೆಲ್ಟಿನ ಗಂಟು ಹಾಕಲು ಕಲಿಸಿದಳು. ಆಮೇಲೊಂದು ಸಂಜೆ ಅವಳ ಹೆಸರು ಕೂಗಿದರು. ಬಾಗಿಲ ಕಡೆಯೂ ತಿರುಗಿದರು. “ನೀವು ಅಲ್ಲಿ ನಿಲ್ಲಬೇಡ್ರಿ. ಒಳಗೆ ಬರ್ರಿ, ಕುಂತ್ಕಳ್ರಿ. ನೋಡೋದಾದ್ರೆ ಪೂರ್ತಿ ನೋಡ್ರಿ.”

ಪಾಪಣ್ಣ ಬೆಂಚಿನ ಮೇಲೆ ಕೂತ. ಎದುರಿಗೆ ನಿಂತವಳು ಶಾಲಿನಿಗಿಂತ ಒಂದು ತಲೆ ಎತ್ತರದ ಹುಡುಗಿ. ಅವಳ ಕಾಲು ಬಂದದ್ದನ್ನು ಅವನು ಕಂಡ. ಈ ಸಲ ಕಣ್ಣು ಮುಚ್ಚಲಿಲ್ಲ. ಏಟು ಶಾಲಿನಿಯ ದವಡೆಗೆ ತಾಗಿತು. ಹಿಂದಕ್ಕೆ ಬಿದ್ದಳು. ಗದ್ದ ಎದೆಗೆ ಒತ್ತಿತ್ತು, ತಲೆ ನೆಲ ಮುಟ್ಟಲಿಲ್ಲ. ಆದರೂ ಪಾಪಣ್ಣ ತನಗರಿವಿಲ್ಲದೆ ಎದ್ದು ನಿಂತ.

ಶಾಲಿನಿ ಒಂದು ಕೈ ಊರಿ ಎದ್ದು ಕೂತು, ಬಾಯಿ ಒರೆಸಿಕೊಂಡು ಅವನತ್ತ ನೋಡಿದಳು.

“ಕುಂತ್ಕ ತಾತ.”

ಅವನು ಕೂತ. ಬೆಂಚಿನ ಅಂಚನ್ನು ಎರಡು ಕೈಯಿಂದಲೂ ಹಿಡಿದುಕೊಂಡ. ಮೊಮ್ಮಗಳು ಎದ್ದು ನಿಂತು, ಎದುರಿನವಳಿಗೆ ಬಾಗಿ, ಮತ್ತೆ ಕೈ ಎತ್ತಿದಳು.