ಕೊಯ್ಯುವ ಮುಂಚಿನ ಇಂಜೆಕ್ಷನ್

ದರ್ಜಿಯ ಹೊಟ್ಟೆಯ ಬ್ಯಾಂಡೇಜು ಬಿಚ್ಚಿದಾಗ ದೊಡ್ಡ ಸಿಸ್ಟರ್‌ಗೆ ವಾಕರಿಕೆ ಬಂತು. ಇಪ್ಪತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ಪಳಗಿದವಳಿಗೆ ಕೀವು ಹೊಸದೇ? ಆದರೂ ಈ ನಾತ ಮೂಗಿನಿಂದ ಇಳಿದು ಗಂಟಲಲ್ಲೇ ಕೂತಿತು. ಪಿತ್ತನಾಳದ ಆಪರೇಷನ್ ಆಗಿ ಐದನೇ ದಿನ. ಹೊಲಿಗೆ ಕೆಂಪಗೆ ಊದಿಕೊಂಡಿತ್ತು, ಜ್ವರ ಇಳಿಯುವ ಲಕ್ಷಣವೇ ಇರಲಿಲ್ಲ.

ಅಸಹ್ಯವನ್ನು ಯಾರ ಮೇಲಾದರೂ ಕಾರಿಕೊಳ್ಳಬೇಕಲ್ಲ, ಮಂಚದ ಪಕ್ಕ ದರ್ಜಿಯ ಹೆಂಡತಿ ಸಿಕ್ಕಳು.

"ಕೈ ತೊಳೀದೆ ಮುಟ್ಟಿದ್ರಾ? ನಾವು ಮೈಯೆಲ್ಲ ಕಣ್ಣಾಗಿ ನೋಡ್ಕೊಳ್ಳೋದು, ನೀವು ಗಲೀಜು ಮಾಡೋದು!"

ಹೆಂಡತಿ ಅಂದಿನಿಂದ ಗಂಡನಿಗೆ ನೀರು ಕುಡಿಸುವ ಮುಂಚೆಯೂ, ಹೊದಿಕೆ ಎಳೆಯುವ ಮುಂಚೆಯೂ ನಲ್ಲಿಗೆ ಓಡುತ್ತಿದ್ದಳು. ಎರಡೇ ದಿನದಲ್ಲಿ ಬೆರಳ ಸಂದಿಯ ಚರ್ಮ ಸುಲಿಯಿತು.

ಏಳನೇ ದಿನ ಸರ್ಜನ್ ಕೇಸ್‌ಶೀಟ್ ತರಿಸಿದರು. "ಕೊಯ್ಯೋ ಮುಂಚೆ ಆಂಟಿಬಯೋಟಿಕ್ ಹೋಗಿದೆ. ಟಿಕ್ ಇದೆ. ಮತ್ಯಾಕೆ ಹೀಗಾಯ್ತು?"

ಆ ಟಿಕ್ ದೊಡ್ಡ ಸಿಸ್ಟರ್‌ದೇ. ಬೆಳಿಗ್ಗೆ ಏಳಕ್ಕೇ ಆ ದಿನದ ಎಲ್ಲ ಹಾಳೆಗಳಿಗೂ ಒಟ್ಟಿಗೆ ಟಿಕ್ ಎಳೆದುಬಿಡುವುದು ಅವಳು ಹಾಕಿಕೊಟ್ಟ ರೂಢಿ. ಆಮೇಲೆ ಗ್ಲೌಸ್ ಬಿಚ್ಚಿ ಪೆನ್ನು ಹಿಡಿಯುವ ರಗಳೆ ಇಲ್ಲ ನೋಡಿ! "ಹೇಗಿದ್ರೂ ಕೊಟ್ಟೇ ಕೊಡ್ತೀವಲ್ಲ" ಎಂದು ಹೊಸಬರಿಗೂ ಕಲಿಸಿದ್ದಳು.

ಥಿಯೇಟರಿಗೆ ಹೋಗಿ ಡ್ರಾಯರ್ ಎಳೆದಳು. ದರ್ಜಿಯ ನಂಬರ್ ಅಂಟಿಸಿದ ಸೀಸೆ ಅಲ್ಲೇ ಇತ್ತು, ಸೀಲು ಕೂಡ ಒಡೆದಿರಲಿಲ್ಲ. ಅರಿವಳಿಕೆ ಡಾಕ್ಟರು ಟಿಕ್ ನೋಡಿ, ಯಾರೋ ಕೊಟ್ಟಾಗಿದೆ ಎಂದುಕೊಂಡು ಸುಮ್ಮನಾಗಿದ್ದರು. ಕೀವು ಕಂಡಾಗಲೂ ಹುಟ್ಟದಷ್ಟು ಹೇಸಿಗೆ ಅವಳಿಗೆ ಈಗ ತನ್ನ ಮೇಲೆಯೇ ಹುಟ್ಟಿತು. ಥೂ, ಎಂಥ ಸೋಮಾರಿತನ! ಅದರ ಮೇಲೆ ಆ ಬಡಪಾಯಿಗೆ ಬೈಗುಳ ಬೇರೆ.

ಸೀಸೆಯನ್ನು ಸರ್ಜನ್ ಮೇಜಿನ ಮೇಲಿಟ್ಟಳು. "ಹೋಗಿಲ್ಲ ಸಾರ್. ಕೊಡೋ ಮುಂಚೇನೇ ಟಿಕ್ ಹಾಕಿದ್ದೆ."

ಅವರು ಹಿಗ್ಗಾಮುಗ್ಗಾ ಬೈದರು. ಬೈದು ಸುಸ್ತಾದ ಮೇಲೆ ಕೀವಿನ ರಿಪೋರ್ಟ್ ನೋಡಿ ಬೇರೆ ಔಷಧಿ ಬರೆದರು. ದೊಡ್ಡ ಸಿಸ್ಟರ್ ಅದನ್ನು ತಾನೇ ಡ್ರಿಪ್ಪಿಗೆ ಸೇರಿಸಿ, ದರ್ಜಿಯ ಹೆಂಡತಿಯ ಕಡೆ ತಿರುಗಿದಳು.

"ಇದು ನಿಮ್ಮ ಕೈಯಿಂದ ಆಗಿದ್ದಲ್ಲಮ್ಮ. ಕೊಯ್ಯೋ ಮುಂಚೆ ಒಂದು ಇಂಜೆಕ್ಷನ್ ಕೊಡಬೇಕಿತ್ತು. ಕೊಡದೇನೇ ಕೊಟ್ಟಿದೀವಿ ಅಂತ ಬರೆದವಳು ನಾನು."

ಹೆಂಡತಿ ಗಂಡನ ತೋಳಿಗೆ ತೊಟ್ಟುತೊಟ್ಟಾಗಿ ಇಳಿಯುತ್ತಿದ್ದುದನ್ನು ಬೆರಳು ಮಾಡಿ ತೋರಿಸಿದಳು.

"ಇದರಲ್ಲಿ ಔಷಧಿ ಇದೆಯಾ ಸಿಸ್ಟರ್? ಇಲ್ಲಾ ಇದೂ ಬರೀ ಬರೆದಿದ್ದಾ?"