ಫ್ರೇಮು ಹಾಕಿದ ಪ್ಲಾನು

ಭದ್ರಾವತಿಯ ಹಳೇನಗರದಲ್ಲಿ ಪರಮೇಶನದು ಫೋಟೋ ಫ್ರೇಮಿನ ಅಂಗಡಿ. ದೇವರು, ಮದುಮಕ್ಕಳು, ತೀರಿಕೊಂಡವರು, ಈ ಮೂರು ಬಗೆಯವರಿಂದ ಅವನ ಸಂಸಾರ ನಡೆಯುತ್ತಿತ್ತು. ಈಚೆಗೆ ನಾಲ್ಕನೆಯ ಬಗೆಯೊಂದು ಸೇರಿತ್ತು: ರ‍್ಯಾಂಕು ಬಂದ ಮಕ್ಕಳು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಾರ್ಗದರ್ಶನ ಕೇಂದ್ರ ನಡೆಸುವ ವಿಜಯೇಂದ್ರ ಪ್ರತಿ ಜೂನ್‌ನಲ್ಲಿ ಆ ಮಕ್ಕಳ ಫೋಟೋಗಳನ್ನು ಕಟ್ಟು ಹಾಕಿಸಲು ಕಳಿಸುತ್ತಿದ್ದರು. ಬೇರೆಯವರ ಮಕ್ಕಳ ಮುಖದ ಮೇಲಿನ ಗಾಜನ್ನು ವರ್ಷಗಟ್ಟಲೆ ಒರೆಸಿದವನಿಗೆ ಏನಾಗಬೇಕೋ ಅದು ಪರಮೇಶನಿಗೂ ಆಯಿತು. ಒಂದು ದಿನ ತೇಗದ ಬಣ್ಣದ, ಹದಿನಾರು ಇಪ್ಪತ್ತರ ಫ್ರೇಮೊಂದನ್ನು ಮನೆಗೆ ತಂದು ಖಾಲಿಯೇ ಗೋಡೆಗೆ ತೂಗುಹಾಕಿದ.

"ಯಾರಿಗ್ರೀ ಇದು?" ಎಂದಳು ಹೆಂಡತಿ ಧನಲಕ್ಷ್ಮಿ.

"ನಮ್ಮ ರಂಜಿನಿಗೆ. ಡಾಕ್ಟರ್ ಸೀಟು ಸಿಕ್ಕಿದ ದಿನ ಅವಳ ಫೋಟೋ ಹಾಕ್ತೀನಿ."

"ಅವಳಿನ್ನೂ ಏಳನೇ ಕ್ಲಾಸು ಮಾರಾಯ್ರೆ. ಬದುಕಿರೋರಿಗೆ ಮುಂಚೇನೇ ಯಾರಾದ್ರೂ ಫ್ರೇಮ್ ಮಾಡಿಡ್ತಾರಾ? ತೆಗೀರಿ ಅದನ್ನ."

ಪರಮೇಶ ತೆಗೆಯಲಿಲ್ಲ. ಆದರೆ ಖಾಲಿ ಫ್ರೇಮು ಅಶುಭವೆಂಬುದು ಅವನ ಕಸುಬಿನಲ್ಲೇ ಇದ್ದ ನಂಬಿಕೆ. ಅದರೊಳಗೆ ಸದ್ಯಕ್ಕೆ ಏನಾದರೂ ಬೇಕಾಗಿತ್ತು. ವಿಜಯೇಂದ್ರರ ಬಳಿ ಅದಕ್ಕೆ ತಕ್ಕದ್ದೇ ಇತ್ತು: ಬಣ್ಣದ ಹಾಳೆಯಲ್ಲಿ ಮುದ್ರಿಸಿದ ಐದು ವರ್ಷದ ಪ್ಲಾನು.

"ನೋಡಿ ಪರಮೇಶ್, ಕಾಲೇಜಿಗೆ ತಯಾರಿ ಅಂದ್ರೆ ಮನೆ ಕಟ್ಟಿದ ಹಾಗೆ," ಎಂದು ವಿಜಯೇಂದ್ರ ವಿವರಿಸಿದರು. "ಎಂಟನೇ ಕ್ಲಾಸು ಬುನಾದಿ. ಒಂಬತ್ತು ಪಿಲ್ಲರ್. ಹತ್ತು ಆರ್‌ಸಿಸಿ. ಫಸ್ಟ್ ಪಿಯು ಪ್ಲಾಸ್ಟರಿಂಗ್. ಸೆಕೆಂಡ್ ಪಿಯು ಗೃಹಪ್ರವೇಶ. ಮಗು ಈಗ ಎಲ್ಲಿ ಓದ್ತಿದೆ?"

"ನಮ್ಮನೆ ಹಿಂದೆ ನಾಲೆ ಇದೆಯಲ್ಲ ಸಾರ್, ಅದರಾಚೆ ಹಳ್ಳಿ ಶಾಲೆ. ಸರ್ಕಾರಿ. ಕನ್ನಡ ಮೀಡಿಯಂ."

ವಿಜಯೇಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಎಕ್ಸ್‌ರೇ ನೋಡಿ ಹಾಗೆ ಮಾಡಿದರೆ ಎಂಥವನ ಎದೆಯೂ ಹಾರುತ್ತದೆ. ಪರಮೇಶ ಅಲ್ಲೇ ಕುಳಿತು ಶಿವಮೊಗ್ಗದ ಇಂಗ್ಲಿಷ್ ಮೀಡಿಯಂ ಶಾಲೆಯೊಂದಕ್ಕೆ ಒಪ್ಪಿಬಿಟ್ಟ.

ಖಾಲಿ ಫ್ರೇಮಿನೊಳಗೆ ಸೇರಿದ ಆ ಪ್ಲಾನನ್ನು ರಂಜಿನಿ ಗೋಡೆಯ ಮೇಲೆ ಓದಿ, "ಅಪ್ಪಾ, ಕಿಟಕಿ ಯಾವ ವರ್ಷ ಇಡ್ತಾರೆ?" ಎಂದು ಕೇಳಿದಳು.

"ತಲೆಹರಟೆ ಬೇಡ."

"ನಾನು ಹತ್ತರವರೆಗೂ ನಮ್ಮ ಶಾಲೇಲೇ ಓದ್ತೀನಿ. ಅಲ್ಲಿ ದಾಕ್ಷಾಯಣಮ್ಮ ಮೇಡಂ ಎಷ್ಟು ಪ್ರಶ್ನೆ ಕೇಳಿದ್ರೂ ಬೈಯಲ್ಲ. ಖೋ ಖೋ ಟೀಮಲ್ಲಿ ಬೇರೆ ಇದೀನಿ."

"ಪ್ಲಾನಲ್ಲಿ ಖೋ ಖೋ ಇಲ್ಲ," ಎಂದ ಪರಮೇಶ. ಮಾತು ಮುಗಿಯಿತು.

ಎಂಟನೇ ತರಗತಿಯಲ್ಲಿ ಬುನಾದಿ ತೋಡಲಾಯಿತು. ಬೆಳಕು ಹರಿಯುವ ಮುಂಚೆ ಬಸ್ಸು, ಶಿವಮೊಗ್ಗದಲ್ಲಿ ಶಾಲೆ, ಸಂಜೆ ದುರ್ಗಿಗುಡಿಯಲ್ಲಿ ವಿಜಯೇಂದ್ರರ ತರಗತಿ, ಮತ್ತೆ ಬಸ್ಸು. ಹುಡುಗಿ ಬಸ್ಸಿನ ಕಂಬಿಗೆ ತಲೆಯಿಟ್ಟು ನಿದ್ದೆ ಮಾಡುವುದನ್ನು ಕಲಿತಳು. ಇನ್ನೊಂದನ್ನೂ ಕಲಿತಳು. ಹಳ್ಳಿ ಶಾಲೆಯಲ್ಲಿ "ಯಾಕೆ ಮೇಡಂ? ಹೆಂಗೆ ಮೇಡಂ?" ಎಂದು ಜೀವ ತಿನ್ನುತ್ತಿದ್ದವಳು ಇಲ್ಲಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಮುಗಿಸುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತಿತ್ತು. ಕೊನೆಗೆ ಕೇಳುವುದನ್ನೇ ಬಿಟ್ಟಳು. ವರ್ಷದ ವರದಿಯಲ್ಲಿ ಶಿಕ್ಷಕರು ಬರೆದರು: ಶಿಸ್ತು, ಅತ್ಯುತ್ತಮ. ಪರಮೇಶ ಆ ವರದಿಗೂ ಲ್ಯಾಮಿನೇಷನ್ ಮಾಡಿಸಿ ಪ್ಲಾನಿನ ಪಕ್ಕ ಗೋಡೆಗೆ ಅಂಟಿಸಿದ.

ಒಂಬತ್ತರಲ್ಲಿ ಪಿಲ್ಲರ್ ಎದ್ದವು. ಮುಂದೆ ದೊಡ್ಡ ಕಾಲೇಜುಗಳು ವ್ಯಕ್ತಿತ್ವವನ್ನೂ ನೋಡುತ್ತವೆಂದು ವಿಜಯೇಂದ್ರರಿಗೆ ಯಾರೋ ಹೇಳಿದ್ದರಂತೆ. ಆದ್ದರಿಂದ ಆಟ ಒಂದು, ಸಮಾಜಸೇವೆ ಒಂದು. ಆಟವೆಂದರೆ ಚೆಸ್, ಕೂತಲ್ಲೇ ಆಗುತ್ತದೆ, ಬಟ್ಟೆ ಕೊಳೆಯಾಗುವುದಿಲ್ಲ. ಸಮಾಜಸೇವೆಗೆ ಗಾಜನೂರು ಅಣೆಕಟ್ಟಿನ ಹತ್ತಿರ ಕರೆದೊಯ್ದು ಒಂದು ಪೊರಕೆ ಕೊಟ್ಟರು. ಇಡೀ ಬ್ಯಾಚಿಗೆ ಅದೊಂದೇ ಪೊರಕೆ. ಮಕ್ಕಳು ಸಾಲಾಗಿ ಬಂದು ಅದನ್ನು ಹಿಡಿದು, ಕ್ಯಾಮರಾ ಕಡೆ ನೋಡಿ ನಕ್ಕು, ಮುಂದಿನವರ ಕೈಗೆ ಕೊಟ್ಟರು. ಕಸ ಇದ್ದಲ್ಲೇ ಇತ್ತು, ಮಕ್ಕಳು ತಿಂದ ಬಿಸ್ಕತ್ತಿನ ಪೊಟ್ಟಣಗಳು ಅದಕ್ಕೆ ಸೇರಿಕೊಂಡವು. ಆ ಫೋಟೋಗಳೆಲ್ಲ ಕಟ್ಟು ಹಾಕಿಸಲು ಪರಮೇಶನ ಅಂಗಡಿಗೇ ಬಂದವು.

"ಮನೇಲಿ ಒಂದಿನ ಪೊರಕೆ ಮುಟ್ಟಿದ್ರೆ ಓದು ಹಾಳಾಗತ್ತೆ ಅಂತೀರಿ," ಎಂದಳು ಧನಲಕ್ಷ್ಮಿ. "ಇಲ್ಲಿ ನೋಡಿದ್ರೆ ಪೊರಕೆಗೂ ಸರ್ಟಿಫಿಕೇಟು."

ಒಂಬತ್ತು ಮುಗಿದು, ಮೇ ಕೊನೆಯಲ್ಲಿ ಹತ್ತನೇ ತರಗತಿಗೆ ಹೋಗುವವರ ಪೋಷಕರ ಸಭೆ ದುರ್ಗಿಗುಡಿಯಲ್ಲೇ ನಡೆಯಿತು. ಪರಮೇಶ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತ. ವಿಜಯೇಂದ್ರ ಮೈಕು ಹಿಡಿದು ಕೇಳಿದರು:

"ಒಂದರಿಂದ ಹತ್ತರವರೆಗೂ ಹಳ್ಳಿ ಶಾಲೇಲಿ, ಕನ್ನಡ ಮೀಡಿಯಂನಲ್ಲಿ ಓದ್ತಿರೋ ಮಕ್ಕಳು ಯಾರಾದ್ರೂ ಇದಾರಾ? ಇದ್ರೆ ಕೈ ಎತ್ತಿ. ಸೀಟು ಹಂಚುವಾಗ ಅವರಿಗೆ ಗ್ರಾಮೀಣ ಕೋಟಾ ಒಂದು, ಕನ್ನಡ ಮಾಧ್ಯಮದ ಕೋಟಾ ಇನ್ನೊಂದು. ನಮ್ಮಲ್ಲಿ ಅವರಿಗಂತಲೇ ಸ್ಪೆಷಲ್ ಬ್ಯಾಚ್ ಶುರು ಮಾಡ್ತಿದೀವಿ."

ಪರಮೇಶನ ಕೈ ತಾನಾಗಿ ಎದ್ದಿತು. ಕಿವಿಯ ಮಟ್ಟಕ್ಕೆ ಬರುವಷ್ಟರಲ್ಲಿ ವಿಜಯೇಂದ್ರ ಮುಂದುವರಿಸಿದರು: "ಹತ್ತೂ ವರ್ಷ ಪೂರ್ತಿ ಆಗಿರಬೇಕು. ಏಳು ವರ್ಷ, ಎಂಟು ವರ್ಷ ಅಂದ್ರೆ ನಡಿಯಲ್ಲ."

ಎತ್ತಿದ ಕೈಯಿಂದ ಪರಮೇಶ ಕಿವಿ ಕೆರೆದುಕೊಂಡ. ಹಿಂದಿನ ಸಾಲಿನಲ್ಲಿ ಒಂದೇ ಒಂದು ಕೈ ಮೇಲಿತ್ತು. ಗಾಜನೂರಿನ ಹುಲಿಯಪ್ಪನದು. ಮಗಳನ್ನು ಪೇಟೆಯ ಶಾಲೆಗೆ ಕಳಿಸಲು ಹೆಂಡತಿ ಬಿಡಲಿಲ್ಲವೆಂದು ಎರಡು ವರ್ಷದಿಂದ ಕೊರಗುತ್ತಿದ್ದ ಮನುಷ್ಯ ಅವನು. ಈಗ ಇಡೀ ಸಭೆ ಕತ್ತು ತಿರುಗಿಸಿ ಅವನನ್ನು ನೋಡಿದಾಗ, ತಾನೇನು ತಪ್ಪು ಮಾಡಿದೆನೋ ಎಂದು ಗಾಬರಿಯಾಗಿ ಎದ್ದು ನಿಂತ.

ಸಭೆ ಮುಗಿದ ಮೇಲೆ ಪರಮೇಶ ವಿಜಯೇಂದ್ರರ ಕೋಣೆಗೆ ನುಗ್ಗಿದ.

"ಸಾರ್, ನನ್ನ ಮಗಳು ಹಳ್ಳಿ ಶಾಲೇಲೇ ಇದ್ಲು. ಬಿಡಿಸಿದ್ದು ನೀವು!"

"ನಾನೆಲ್ಲಿ ಬಿಡಿಸಿದೆ? ಕನ್ನಡಕ ತೆಗೆದಿಟ್ಟೆ ಅಷ್ಟೆ."

"ಇದೊಂದು ಮಾತು ಅವತ್ತೇ ಹೇಳಬಾರದಿತ್ತಾ?"

"ನೀವು ಕೇಳಿದ್ದು ಇಂಗ್ಲಿಷು ಪರಮೇಶ್. ಕೇಳಿದ್ದನ್ನ ಕೊಡೋದು ನಮ್ಮ ಕೆಲಸ. ಫ್ರೇಮ್ ಹಾಕಿ ಅಂತ ಬಂದೋರಿಗೆ, ನಿಮ್ಮ ಮುಖ ಚೆನ್ನಾಗಿಲ್ಲ, ಬೇಡ ಬಿಡಿ ಅಂತ ನೀವು ಹೇಳ್ತೀರಾ?"

ಪರಮೇಶ ಯೋಚಿಸಿದ. ಯಾವತ್ತೂ ಹೇಳಿರಲಿಲ್ಲ.

"ಹೋಗ್ಲಿ ಬಿಡಿ," ವಿಜಯೇಂದ್ರರ ದನಿ ಮೆತ್ತಗಾಯಿತು. "ಚಿಕ್ಕ ಮಗು ಇದೆಯಾ? ಒಂದನೇ ಕ್ಲಾಸಿಂದಲೇ ಹಳ್ಳಿ ಶಾಲೆಗೆ ಹಾಕೋ ಹತ್ತು ವರ್ಷದ ಪ್ಲಾನ್ ಮಾಡಿದೀನಿ. ಡಾಕ್ಟರು, ಲಾಯರು ಎಲ್ಲಾ ತಗೊಳ್ತಿದಾರೆ."

"ಒಬ್ಬಳೇ ಮಗಳು ಸಾರ್."

"ಛೆ," ಎಂದರು ವಿಜಯೇಂದ್ರ. ನಿಜವಾಗಿಯೂ ನೊಂದುಕೊಂಡಿದ್ದರು.

ಮನೆಗೆ ಬಂದ ಪರಮೇಶ ಅಂಗಿ ಬಿಚ್ಚದೆ ಗೋಡೆಯ ಪ್ಲಾನಿನ ಎದುರು ಕುಳಿತ. ನಡೆದದ್ದನ್ನು ಕೇಳಿ ಧನಲಕ್ಷ್ಮಿ ಬೈಯಲು ಬಾಯಿ ತೆರೆದಳು. ಗಂಡನ ಮುಖ ನೋಡಿ ಕಾಫಿ ಇಡಲು ಒಳಗೆ ಹೋದಳು. ರಂಜಿನಿ ಬಂದು ಪಕ್ಕದಲ್ಲಿ ಕುಳಿತಳು.

"ಹಾಗಾದ್ರೆ ಹತ್ತನೇ ಕ್ಲಾಸಿಗೆ ನಾನು ನಮ್ಮ ಶಾಲೆಗೆ ವಾಪಸ್ ಹೋಗ್ತೀನಿ."

"ಈಗ ಹೋಗಿ ಏನು ಉಪಯೋಗ? ಕೋಟಾ ಹೋಯ್ತಲ್ಲ."

"ಶಿವಮೊಗ್ಗಕ್ಕೆ ಹೋಗಿ ಏನು ಉಪಯೋಗ ಆಯ್ತು?"

"ಇಂಗ್ಲಿಷು ಬಂತಲ್ಲ."

"ಅಪ್ಪಾ, ಎರಡು ವರ್ಷದಲ್ಲಿ ನಾನು ಕ್ಲಾಸಲ್ಲಿ ಮಾತಾಡಿದ ಇಂಗ್ಲಿಷು 'ಪ್ರೆಸೆಂಟ್ ಮಿಸ್' ಒಂದೇ. ಬೇಕಾದ್ರೆ ಈಗಲೂ ಹೇಳ್ತೀನಿ."

ಅಡುಗೆಮನೆಯಲ್ಲಿ ಧನಲಕ್ಷ್ಮಿ ನಕ್ಕಿದ್ದು ಕೇಳಿಸಿತು. ಪರಮೇಶನಿಗೆ ನಗು ಬರಲಿಲ್ಲ. ಶಿಸ್ತು ಅತ್ಯುತ್ತಮ ಎಂಬ ಆ ವರದಿ ಎದುರಿಗೇ ಹೊಳೆಯುತ್ತಿತ್ತು. ಈ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿದ್ದಳೆಂಬುದು ಅವನಿಗೆ ಆಗಷ್ಟೇ ಅರ್ಥವಾಯಿತು. ಇಡೀ ಮನೆಯಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವಳು ಇವಳೇ ಅಲ್ಲವೇ?

"ನಾಳೆ ಹೋಗಿ ಕೇಳೋಣ," ಎಂದ.

ಮರುದಿನ ನಾಲೆ ದಾಟಿದರೆ ಹಳ್ಳಿ ಶಾಲೆಯ ಮುಂದೆ ಕಾರುಗಳು ನಿಂತಿದ್ದವು. ಅವುಗಳ ನೆರಳಲ್ಲಿ ಊರಿನ ಮೇಕೆಗಳು ಮಲಗಿದ್ದವು. ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಲು ಪೇಟೆಯ ತಂದೆತಾಯಿಗಳು ಮುಖ್ಯೋಪಾಧ್ಯಾಯಿನಿ ದಾಕ್ಷಾಯಣಮ್ಮನವರ ಕೋಣೆಯ ಮುಂದೆ ಸಾಲು ನಿಂತಿದ್ದರು.

"ಮಗು ದಿನಾ ಬರಲೇಬೇಕಾ ಮೇಡಂ?" ಎಂದು ಒಬ್ಬರು ಕೇಳುತ್ತಿದ್ದರು. "ಹೆಸರು ಇಲ್ಲಿರಲಿ, ಓದೋದು ಮನೇಲಿ ಇಂಗ್ಲಿಷಲ್ಲೇ ಓದಿಸ್ತೀವಿ."

"ಹೆಸರಿಗೆ ಬಿಸಿಯೂಟ ಹಾಕಕ್ಕಾಗಲ್ಲ," ಎಂದರು ದಾಕ್ಷಾಯಣಮ್ಮ. "ಹೊಟ್ಟೆ ಇರೋ ಮಗೂನೇ ಬರಬೇಕು. ಯೋಚ್ನೆ ಮಾಡ್ಕೊಂಡು ಬನ್ನಿ."

ಸಾಲು ಕರಗಿ ಪರಮೇಶನ ಸರದಿ ಬಂತು. ದಾಕ್ಷಾಯಣಮ್ಮ ರಂಜಿನಿಯನ್ನು ನೋಡಿದರು.

"ಏನೇ ಮಾರಾಯ್ತಿ, ದಾರಿ ತಪ್ಪಿತಾ? ನಿನಗೆ ಇಲ್ಲಿ ಕೋಟಾ ಗೀಟಾ ಏನೂ ಸಿಗಲ್ಲ, ಗೊತ್ತು ತಾನೆ?"

"ಗೊತ್ತು ಮೇಡಂ."

"ಮತ್ತೆ ಯಾಕೆ ಬಂದೆ?"

"ಓದೋಕೆ."

ದಾಕ್ಷಾಯಣಮ್ಮ ಪೆನ್ನು ಕೆಳಗಿಟ್ಟು, "ಈ ವಾರ ಆ ಕಾರಣ ಹೇಳಿದವಳು ನೀನೊಬ್ಬಳೇ," ಎಂದರು. "ಟಿಸಿ ತಗೊಂಡು ಬಾ."

"ಮೇಡಂ, ಟಿಸಿ ಕೊಡಕ್ಕೆ ಅವರು ತಡ ಮಾಡಿದ್ರೆ? ಅಲ್ಲೀವರೆಗೂ ಬಂದು ಕೂತ್ಕೋಬಹುದಾ? ಖೋ ಖೋ ಟೀಮಲ್ಲಿ ಈಗ ಯಾರ‍್ಯಾರಿದಾರೆ? ಗಣಿತ ನೀವೇ ತಗೊಳ್ತೀರಾ?"

"ಶುರುವಾಯ್ತಪ್ಪ ಇವಳದು," ಎಂದರು ದಾಕ್ಷಾಯಣಮ್ಮ.

ಪರಮೇಶ ಆ ಮಾತುಗಳನ್ನು ಕೇಳಿಸಿಕೊಳ್ಳುತ್ತ ನಿಂತಿದ್ದ. ಅವನ ಕಣ್ಣು ಕಸುಬಿನ ಅಭ್ಯಾಸದಂತೆ ಗೋಡೆಯ ಮೇಲಿತ್ತು. ಅಲ್ಲಿ ಸರಸ್ವತಿಯ ಪಟವೊಂದು ಗಾಜು ಒಡೆದು, ಕಟ್ಟಿನ ಮೂಲೆ ಬಿಚ್ಚಿಕೊಂಡು ವಾಲಿತ್ತು. ಅವನು ಹತ್ತಿರ ಹೋಗಿ ಬೆರಳು ಅಗಲಿಸಿ ಉದ್ದಗಲ ಗೇಣು ಹಾಕಿದ.

"ಇದು ಹದಿನಾರು ಇಪ್ಪತ್ತು ಮೇಡಂ," ಎಂದ. "ನಮ್ಮನೇಲಿ ಇದೇ ಅಳತೇದು ಒಂದು ಫ್ರೇಮು ಸುಮ್ನೆ ಇದೆ. ಒಳಗಿರೋ ಕಾಗದ ಕಿತ್ತು ಹಾಕಿ ಸಂಜೆ ತಂದ್ಕೊಡ್ತೀನಿ."