ಶಿವದೇವಿ ಹೇಳಿದ ಉತ್ತರ

ಶಿವದೇವಿಗೆ ಮಾದಾಪುರದ ಕಂಪನಿಯಲ್ಲಿ ನೌಕರಿಯಾಯಿತೆಂಬ ಸುದ್ದಿ ಸನತ್‌ನಗರದ ಆ ಓಣಿಯಲ್ಲಿ ಹೊತ್ತೇರುವುದರೊಳಗೆ ಹಬ್ಬಿತ್ತು. ಫೋನಿನಲ್ಲಿ ಗಿರಾಕಿಗಳ ತಕರಾರು ಕೇಳಿ ಉತ್ತರಿಸುವ ಕೆಲಸ. ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಆ ದಿನಗಳಲ್ಲಿ ಇಂಥ ನೌಕರಿಗಳು ಬಹಳವಿದ್ದವು. ಆದರೆ ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿ ಬಿ.ಎ. ಫಸ್ಟ್ ಕ್ಲಾಸ್ ಮಾಡಿ ಅಂಥದೊಂದನ್ನು ಹಿಡಿದದ್ದು ಹೊಸತು. ನಟ್ಟು ಬೋಲ್ಟಿನ ಕಾರ್ಖಾನೆಗೆ ರಜೆ ಹಾಕಿದ ಅಪ್ಪ ಹುಸೇನಪ್ಪ ಬಂದವರಿಗೆಲ್ಲ ತಾನೇ ಪೇಡೆ ಹಂಚುತ್ತಿದ್ದ.

ಮಗಳನ್ನು ಅಪ್ಪ ಅವ್ವ ಮುಚ್ಚಟೆ ಮಾಡಿ ಬೆಳೆಸಿರಲಿಲ್ಲ. ರೊಟ್ಟಿ ಬಡಿಯಲು ಕಲಿಸುವಾಗ ಕೈ ಸುಟ್ಟುಕೊಂಡರೂ ಅವ್ವ ಪಾರ್ವತಿಬಾಯಿ ಅವಳನ್ನು ಹಂಚಿನ ಮುಂದಿನಿಂದ ಎಬ್ಬಿಸಿರಲಿಲ್ಲ. ರಾಯಚೂರು ಕಡೆಯ ತಮ್ಮೂರಿಗೆ ಹೋದಾಗ ಅಪ್ಪ ಅವಳನ್ನು ಹೊಲದ ಸಾಲಿನಲ್ಲಿ ಒಬ್ಬಳೇ ನಡೆಯಲು ಬಿಟ್ಟು ಬದುವಿನ ಮೇಲೆ ಕೂಡುತ್ತಿದ್ದ. ಬಿದ್ದರೆ ತಾನೇ ಏಳಲಿ ಎನ್ನುತ್ತಿದ್ದ. ನಾರಾಯಣಗೂಡದ ನಲಿನಿ ಟೀಚರ್ ಬಿ.ಎ.ಯ ಮೂರೂ ವರ್ಷ ಪಾಠಗಳನ್ನು ಓದಿ ಹೇಳಿದವರು. ಪರೀಕ್ಷೆಯಲ್ಲಿ ಬರೆಯುವ ಕೈ ಮತ್ತೊಬ್ಬರದು, ಮಾತು ಮಾತ್ರ ನಿನ್ನದು, ಅದನ್ನು ಯಾರಿಗೂ ಬಿಟ್ಟುಕೊಡಬೇಡ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಆ ಕೈಯನ್ನು ಹುಡುಕಿ ತಂದವರೂ ಅವರೇ. ಒಂದು ವರ್ಷ ಕೆಳಗಿನ ತರಗತಿಯ ವತ್ಸಲಾ, ಶಿವದೇವಿ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದುಕೊಟ್ಟಿದ್ದಳು.

ಮಧ್ಯಾಹ್ನ ವತ್ಸಲಾಳೂ ಬಂದಳು. ಪೇಡೆ ಬಾಯಿಗೆ ಹಾಕಿಕೊಳ್ಳುತ್ತ ನಕ್ಕಳು.

"ಎಕನಾಮಿಕ್ಸ್ ಪೇಪರ್ ದಿನ ಜೀವಾ ತಗದಿದ್ದಿ ನೋಡ ಶಿವಿ. ಬೆಲಿ ಏರಿದ್ರ ಮಂದಿ ಇನ್ನೂ ಜಾಸ್ತಿ ತಗೋತಾರ ಅಂದಿ. ನೀ ಅಂದಂಗ ಬರದಿದ್ರ ಎಲ್ಲಿರ್ತಿತ್ತು ನಿನ್ನ ಫಸ್ಟ್ ಕ್ಲಾಸು?"

"ಮತ್ತ ಏನ ಬರದಿ?"

"ಪುಸ್ತಕದಾಗಿದ್ದದ್ದು. ಟೀಚರ್ ನನಗೂ ಎಲ್ಲಾ ಪಾಠ ಮಾಡಿಸಿದ್ರಲ್ಲ. ಯಾಕ, ನಿನಗ ಗೊತ್ತಿಲ್ಲೇನು?"

ಆ ಉತ್ತರ ಶಿವದೇವಿಗೆ ಚೆನ್ನಾಗಿ ನೆನಪಿತ್ತು. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂಬ ಪುಸ್ತಕದ ಮಾತನ್ನು ಹೇಳಿ, ಅದರ ಹಿಂದೆಯೇ ತನ್ನದೊಂದು ಮಾತು ಸೇರಿಸಿದ್ದಳು. ಊರಲ್ಲಿ ಜೋಳ ತುಟ್ಟಿಯಾಗತೊಡಗಿದ ವರ್ಷ ಕೂಲಿಯವರು ಇನ್ನೂ ಏರೀತೆಂದು ಹೆದರಿ, ಬಳೆ ಒತ್ತೆಯಿಟ್ಟು ಎರಡರಷ್ಟು ಕೊಂಡಿದ್ದರು. ಸಂತೆಯಲ್ಲಿ ದೊಡ್ಡವ್ವನ ಸೆರಗು ಹಿಡಿದು ನಿಂತು ಆ ಗದ್ದಲವನ್ನು ಕೇಳಿದವಳು ಅವಳು. ಪರೀಕ್ಷೆಯಲ್ಲಿ ಅದನ್ನು ಹೇಳಿ ಮುಗಿಸಿದ ಮೇಲೂ ಪೆನ್ನು ಓಡುತ್ತಲೇ ಇತ್ತು. ಪಾಪ, ನಿಧಾನ ಬರೆಯುತ್ತಾಳೆ ಎಂದುಕೊಂಡು ಮುಂದಿನ ಮಾತನ್ನು ತಡೆಹಿಡಿದಿದ್ದಳು.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಏನಂದಿ ಎಂದು ವತ್ಸಲಾಳನ್ನು ಅಪ್ಪ ಅವ್ವ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಅವರು ಕೇಳದೆ ಇದ್ದುದರಿಂದಲೇ ಶಿವದೇವಿಗೆ ತಿಳಿಯಿತು.

"ಅಪ್ಪಾ, ನಿನಗೂ ಗೊತ್ತಿತ್ತು."

ಹುಸೇನಪ್ಪ ಪೇಡೆಯ ಡಬ್ಬಿ ಕೆಳಗಿಟ್ಟ. "ನಾಕ ಮಂದಿ ನಡುವ ನೀ ಬೀಳೋದು ನೋಡಾಕ ಆಗಲಿಲ್ಲವ್ವಾ."

"ಹೊಲದಾಗ ನೋಡ್ತಿದ್ಯಲ್ಲ."

ಮರುದಿನ ಅವಳು ಒಬ್ಬಳೇ ಬಸ್ಸು ಹಿಡಿದು ಟೀಚರ್ ಮನೆಗೆ ಹೋದಳು. ಟೀಚರ್ ಏನನ್ನೂ ಮುಚ್ಚಿಡಲಿಲ್ಲ, ತಪ್ಪಿದಲ್ಲಿ ತಿದ್ದಿ ಬರೆಯಲು ವತ್ಸಲಾಳಿಗೆ ಹೇಳಿದ್ದು ತಾವೇ ಎಂದರು. ತಮ್ಮ ಕೈಯಲ್ಲಿ ಓದಿದ, ಅವಳಂಥ ಎಷ್ಟೋ ಹುಡುಗಿಯರು ಒಮ್ಮೆ ನಾಪಾಸಾಗಿ ಮನೆಯ ಮೂಲೆ ಸೇರಿದ್ದನ್ನು ಕಂಡಿದ್ದರಂತೆ.

"ನಾ ಫೇಲ್ ಆಗ್ತಿದ್ನೇನ್ರಿ?"

"ಯಾರಿಗ ಗೊತ್ತು ತಾಯಿ."

ಹಾಗಿದ್ದರೆ ಆ ಫಸ್ಟ್ ಕ್ಲಾಸಿನಲ್ಲಿ ತನ್ನದು ಎಷ್ಟಿತ್ತು ಎಂಬುದು ತನಗೆ ತಿಳಿಯಬೇಕು, ಮತ್ತೆ ಪರೀಕ್ಷೆಗೆ ಕೂಡುತ್ತೇನೆ ಎಂದಳು ಶಿವದೇವಿ. ಅದೇ ಪ್ರಶ್ನೆಗೆ ಈಗ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತೇನೆ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಡಿ ಎಂದು ಕೇಳಿದಳು. ಟೀಚರ್ ಕಾಗದ ತಂದರು. ಅವಳು ಸಂತೆ, ಜೋಳ, ಬಳೆ ಯಾವುದನ್ನೂ ಬಿಡದೆ ಹೇಳಿದಳು. ಓದಿ ಹೇಳಿರಿ ಎಂದಾಗ ಟೀಚರ್ ಓದಿದರು, ಎಲ್ಲವೂ ಕೇಳಿಬಂತು. ಓದುವಾಗ ಅವರ ದನಿ ಒಡೆಯಿತು. ಅದನ್ನು ಕೇಳಿ ಶಿವದೇವಿಯ ಸಿಟ್ಟು ಅರ್ಧ ಇಳಿಯಿತು. ಕಾಗದ ಇಸಕೊಂಡು, ಅವರ ಕಾಲಿಗೆ ನಮಸ್ಕರಿಸಿ ಹೊರಬಂದಳು.

ಬಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮನಸ್ಸನ್ನು ಅನುಮಾನ ಮತ್ತೆ ಕುಟುಕತೊಡಗಿತ್ತು. ಪಕ್ಕದಲ್ಲಿ ನಿಂತಿದ್ದ ಯಾರೋ ಹೆಂಗಸಿಗೆ ಕಾಗದ ಕೊಟ್ಟು, ಓದುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಳು. ಆಕೆ ತಡೆತಡೆದು ಓದಿದಳು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಅದರ ಕಾರಣಗಳು, ಅದರ ಮಿತಿಗಳು. ಕೆಳಗೆ ಗೆರೆ ಎಳೆದ ಚಂದದ ಚಿತ್ರವೂ ಇದೆ ಎಂದಳು.

ಸಂತೆಯ ಮಾತೇನಾದರೂ ಇದೆಯೇ ಎಂದು ಕೇಳಿದಳು ಶಿವದೇವಿ. ಆಕೆ ಹಾಳೆ ಹಿಂದೆಮುಂದೆ ತಿರುಗಿಸಿ, ಅಂಥದ್ದೇನೂ ಇಲ್ಲವೆಂದಳು.

ಶಿವದೇವಿ ಆಕೆಯ ಹತ್ತಿರ ಪೆನ್ನಿದೆಯೇ ಎಂದು ಕೇಳಿ, ಹಾಳೆಯ ಹಿಂಬದಿಗೆ ತಾನು ಹೇಳುವ ನಾಲ್ಕು ಸಾಲು ಬರೆದುಕೊಡಲು ಬೇಡಿಕೊಂಡಳು. ತನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ತಪ್ಪಾದೀತು ಎಂದು ಆಕೆ ಸಂಕೋಚಪಟ್ಟಳು. ಆಗಲಿ ಎಂದಳು ಶಿವದೇವಿ. ನಿಧಾನವಾಗಿ ಹೇಳಿದಳು, ಆಕೆ ಬರೆದು, ಕಾಗದ ಕೈಗಿಟ್ಟು, ಬಂದ ಬಸ್ಸು ಹತ್ತಿ ಹೋದಳು.

ಅದನ್ನು ಓದಿಸಲು ಈಗ ಇನ್ನೊಬ್ಬರು ಬೇಕಿತ್ತು. ಶಿವದೇವಿ ಹಾಳೆಯನ್ನು ಎದೆಗೊತ್ತಿಕೊಂಡು, ಯಾರದೋ ಚಪ್ಪಲಿಯ ಸದ್ದಿಗೆ ಕಿವಿಗೊಟ್ಟು ನಿಂತಳು.